ಎದೆಯ ಕೆಮ್ಮು ಮತ್ತು ಅರಿಯುವ ಹೊಣೆ

ಮಾಗಿಯ ಚಳಿ ಇಳಿಯುವ ಹೊತ್ತಿಗೆ ಪ್ರತಿವರ್ಷವೂ ಕೆಲವರ ಎದೆಯಲ್ಲಿ ಕೆಮ್ಮು ಮನೆಮಾಡುತ್ತದೆ. ಮೊದಲು ನೆಗಡಿ, ಮೂರನೆಯ ದಿನಕ್ಕೆ ಗಂಟಲು ಕಟ್ಟುವುದು, ವಾರ ಕಳೆಯುವುದರೊಳಗೆ ಕಫ. ಶ್ವಾಸನಾಳಗಳ ಒಳಪೊರೆ ಊದಿಕೊಂಡು ಲೋಳೆ ಸುರಿಸುವ ಈ ಸ್ಥಿತಿಯನ್ನು ವೈದ್ಯರು ಬ್ರಾಂಕೈಟಿಸ್ ಎನ್ನುತ್ತಾರೆ. ಬಹುಮಟ್ಟಿಗೆ ಇದು ವೈರಾಣುಗಳ ಕೆಲಸ. ಎರಡು ಮೂರು ವಾರಗಳಲ್ಲಿ ತಾನಾಗಿಯೇ ಇಳಿಯುವಂಥದು. ಒಮ್ಮೆ ಬಂದು ಹೋದರೆ ಅದರಲ್ಲಿ ಧರ್ಮವಿಚಾರಕ್ಕೆ ಎಡೆಯೇನೂ ಇಲ್ಲ, ಶುಂಠಿ ಕಷಾಯಕ್ಕೆ ಎಡೆಯುಂಟು. ಆದರೆ ಅದೇ ಕೆಮ್ಮು ಮರುವರ್ಷವೂ ಬಂದು, ಅದರ ಮರುವರ್ಷ ಇನ್ನೂ ಹೆಚ್ಚು ದಿನ ನಿಂತಾಗ, ಕೆಮ್ಮಿನ ಜೊತೆಗೆ ಶಂಕೆಯೊಂದು ಬಂದು ಕೂಡುತ್ತದೆ. ಆ ಶಂಕೆಯನ್ನು ಮನುಷ್ಯನು ಏನು ಮಾಡುತ್ತಾನೆ ಎಂಬುದು ಕೇವಲ ವೈದ್ಯಕೀಯ ಪ್ರಶ್ನೆಯಲ್ಲ.

ಒಬ್ಬ ಗೃಹಸ್ಥನನ್ನು ಕಲ್ಪಿಸಿಕೊಳ್ಳಬಹುದು. ಘಟ್ಟದ ಕೆಳಗಿನ ಒಂದು ಪೇಟೆಯಲ್ಲಿ ನಲವತ್ತು ವರ್ಷ ಅಕ್ಕಿ ಗಿರಣಿ ನಡೆಸಿದವನು; ಅರವತ್ತು ದಾಟಿದೆ. ಬೀಡಿ ಸಿಗರೇಟು ಮುಟ್ಟಿದವನಲ್ಲ, ಸೂರ್ಯಾಸ್ತದ ಮೇಲೆ ಉಣ್ಣುವವನಲ್ಲ, ಸೋಸದ ನೀರನ್ನು ಕುಡಿಯುವವನಲ್ಲ. ಮೂರು ವರ್ಷಗಳಿಂದ ಚಳಿಗಾಲದ ಕೆಮ್ಮು ಅವನನ್ನು ಹಿಡಿದಿದೆ. ಮೊದಲ ಸಲ ಮೂರು ವಾರ ಇತ್ತು, ಎರಡನೆಯ ಸಲ ಮೂರು ತಿಂಗಳು, ಈ ಬಾರಿ ಯುಗಾದಿ ಕಳೆದರೂ ಹೋಗಿಲ್ಲ. ಬಸದಿಯ ಮೆಟ್ಟಿಲು ಹತ್ತುವಾಗ ನಡುವೆ ನಿಂತು, ದೂರದ ಗುಡ್ಡವನ್ನು ನೋಡುವವನಂತೆ ನಟಿಸುತ್ತಾನೆ. ಆಸ್ಪತ್ರೆಗೆ ಹೋಗೋಣವೆಂದು ಮಗ ಕರೆದರೆ, "ಬಂದದ್ದು ಬರಲಿ, ಕರ್ಮದ ಫಲ ಉಂಡೇ ತೀರಬೇಕು" ಎನ್ನುತ್ತಾನೆ. ಕೇಳಿದವರು ಅದನ್ನು ವೈರಾಗ್ಯವೆಂದು ಭಾವಿಸಿ ತಲೆದೂಗುತ್ತಾರೆ. ಹಗಲಿನಲ್ಲಿ ಅವನೂ ಹಾಗೆಯೇ ಭಾವಿಸಿದ್ದಾನೆ. ಆದರೆ ರಾತ್ರಿ ಎರಡು ಗಂಟೆಗೆ ಕೆಮ್ಮು ಎಬ್ಬಿಸಿದಾಗ ದೀಪ ಹಾಕಿ, ಕರವಸ್ತ್ರವನ್ನು ಬೆಳಕಿಗೆ ಹಿಡಿದು, ಕೆಂಪಿನ ಎಳೆ ಏನಾದರೂ ಇದೆಯೇ ಎಂದು ಹುಡುಕುತ್ತಾನೆ. ಕಾಣದಿದ್ದಾಗ ದೀಪ ಆರಿಸುತ್ತಾನೆ. ನಿದ್ದೆ ಬರುವುದಿಲ್ಲ.

ಹಗಲಿನ ಮಾತು ನಿಜವೋ ರಾತ್ರಿಯ ಕರವಸ್ತ್ರ ನಿಜವೋ? ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ತನ್ನ ದೇಹದೊಳಗೆ ನಡೆಯುತ್ತಿರುವುದೇನೆಂದು ತಿಳಿಯಲು ಒಲ್ಲೆನೆನ್ನುವ ಸ್ವಾತಂತ್ರ್ಯ ಮನುಷ್ಯನಿಗೆ ಉಂಟೇ? ದೇಹ ಅವನದು, ನೋವು ಅವನದು, ಸಾವು ಬಂದರೆ ಅದೂ ಅವನದೇ. ಹಾಗಿರುವಾಗ ಅರಿವನ್ನು ಅವನ ಮೇಲೆ ಹೇರಲು ಇತರರಿಗೆ ಅಧಿಕಾರವೆಲ್ಲಿಂದ ಬಂತು?

ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅದರಂತೆಯೇ ಬಾಳಿದ ದೊಡ್ಡವರಿದ್ದಾರೆ. ರಷ್ಯಾದ ಕಥೆಗಾರ ಆಂಟನ್ ಚೆಕಾವ್ ವೈದ್ಯನೂ ಆಗಿದ್ದ. 1884ರಲ್ಲಿ ಮಾಸ್ಕೋದಲ್ಲಿ ವೈದ್ಯಶಿಕ್ಷಣ ಮುಗಿಸಿದ. ಅದೇ ವರ್ಷದ ಕೊನೆಯಲ್ಲಿ ಅವನ ಕೆಮ್ಮಿನಲ್ಲಿ ರಕ್ತ ಕಾಣಿಸಿತು. ಕ್ಷಯಕ್ಕೆ ಕಾರಣವಾದ ಸೂಕ್ಷ್ಮಾಣುವನ್ನು ರಾಬರ್ಟ್ ಕಾಖ್ ಲೋಕಕ್ಕೆ ತೋರಿಸಿಕೊಟ್ಟು ಆಗ ಎರಡೇ ವರ್ಷವಾಗಿತ್ತು. ಬೇರೆ ಯಾವ ರೋಗಿಯ ಬಾಯಲ್ಲಿ ಅದೇ ರಕ್ತ ಕಂಡಿದ್ದರೂ ಚೆಕಾವ್ ಒಡನೆಯೇ ಹೆಸರು ಹೇಳುತ್ತಿದ್ದ. ತನ್ನದಕ್ಕೆ ಮಾತ್ರ ಹೆಸರಿಡಲಿಲ್ಲ, ಇನ್ನೊಬ್ಬ ವೈದ್ಯನಿಗೆ ಎದೆಯನ್ನು ಒಡ್ಡಲೂ ಇಲ್ಲ. ಅದು ಕ್ಷಯವೇ ಆಗಿದ್ದರೆ ತಾನು ಎಂದೋ ಸತ್ತುಹೋಗಿರಬೇಕಿತ್ತು ಎಂಬ ತರ್ಕವನ್ನು ಗೆಳೆಯನಿಗೆ ಬರೆದ ಕಾಗದವೊಂದರಲ್ಲಿ ಹೂಡಿದ. 1889ರಲ್ಲಿ ಅವನ ಅಣ್ಣ ನಿಕೊಲಾಯ್ ಕ್ಷಯದಿಂದಲೇ ತೀರಿಕೊಂಡ. ಮರುವರ್ಷ ಚೆಕಾವ್ ಸೈಬೀರಿಯಾ ದಾಟಿ ಸಖಾಲಿನ್ ದ್ವೀಪದ ಕೈದಿಗಳನ್ನು ನೋಡಲು ಹೊರಟ. 1897ರ ಮಾರ್ಚಿಯಲ್ಲಿ ಮಾಸ್ಕೋದ ಭೋಜನಗೃಹವೊಂದರಲ್ಲಿ ಊಟಕ್ಕೆ ಕುಳಿತಿದ್ದಾಗ ಬಾಯಿಂದ ರಕ್ತ ಹರಿದು, ಆಸ್ಪತ್ರೆಗೆ ಒಯ್ದ ಮೇಲೆ, ಹದಿಮೂರನೆಯ ವರ್ಷಕ್ಕೆ, ರೋಗಕ್ಕೆ ಅದರ ಹೆಸರು ಸಿಕ್ಕಿತು. 1904ರಲ್ಲಿ, ನಲವತ್ತನಾಲ್ಕರ ವಯಸ್ಸಿನಲ್ಲಿ ಅವನು ತೀರಿಕೊಂಡ.

ಆ ಹದಿಮೂರು ವರ್ಷಗಳನ್ನು ಭೀರುತ್ವವೆಂದು ಕರೆಯಲು ನಾಲಗೆ ಏಳುವುದಿಲ್ಲ. ಆ ಅವಧಿಯಲ್ಲಿ ಅವನು ನೂರಾರು ಕಥೆ ಬರೆದ, ಕಾಲರಾ ಬಂದಾಗ ಹಳ್ಳಿಗರ ಶುಶ್ರೂಷೆಗೆ ನಿಂತ. ಮುಖ್ಯವಾಗಿ, ಅಂದು ತಿಳಿದಿದ್ದರೂ ವಾಸಿಯಾಗುವ ಮಾರ್ಗವಿರಲಿಲ್ಲ. ಕ್ಷಯದ ಮೇಲೆ ನಿಜವಾಗಿ ಕೆಲಸ ಮಾಡುವ ಮೊದಲ ಔಷಧವಾದ ಸ್ಟ್ರೆಪ್ಟೊಮೈಸಿನ್ ಪತ್ತೆಯಾದದ್ದು 1943ರಲ್ಲಿ. ತಿಳಿದರೂ ವಿಶ್ರಾಂತಿ, ಒಳ್ಳೆಯ ಗಾಳಿ, ಹಾಲು, ಇಷ್ಟೇ ಸಿಗುತ್ತಿತ್ತು. ಮತ್ತು ಬರೆಯುವ ಧೈರ್ಯ ಕುಗ್ಗುತ್ತಿತ್ತು. ಪರಿಹಾರವಿಲ್ಲದ ಅರಿವನ್ನು ದೂರವಿಟ್ಟವನನ್ನು ನಿಂದಿಸುವುದು ಕಷ್ಟ.

ನಮ್ಮ ಗೃಹಸ್ಥನ ಸ್ಥಿತಿ ಅದಲ್ಲ. ಮರುಕಳಿಸುವ ಕೆಮ್ಮಿನ ಹಿಂದೆ ಇಂದು ವೈದ್ಯನು ಹುಡುಕುವ ಸಂಗತಿಗಳು ಹಲವು. ಕಫಸಹಿತವಾದ ಕೆಮ್ಮು ವರ್ಷಕ್ಕೆ ಮೂರು ತಿಂಗಳಂತೆ ಸತತ ಎರಡು ವರ್ಷ ಇದ್ದರೆ ಅದನ್ನು ದೀರ್ಘಕಾಲಿಕ ಬ್ರಾಂಕೈಟಿಸ್ ಎಂದು ಕರೆಯುತ್ತಾರೆ. ಉಸಿರು ಹೊರಬರುವ ದಾರಿಯೇ ಕ್ರಮೇಣ ಕಿರಿದಾಗುತ್ತ ಬಂದಿದ್ದರೆ ಅದು ಸಿ.ಒ.ಪಿ.ಡಿ. ಎಂಬ ಶ್ವಾಸಾವರೋಧ ರೋಗ. ಕೊಳವೆಯೊಂದಕ್ಕೆ ಬಲವಾಗಿ ಊದಿಸುವ ಸ್ಪೈರೋಮೆಟ್ರಿ ಎಂಬ ಸರಳ ಪರೀಕ್ಷೆಯಿಂದ ಅದು ಗೊತ್ತಾಗುತ್ತದೆ. ಧೂಮಪಾನ ಅದರ ದೊಡ್ಡ ಕಾರಣವಾದರೂ ಏಕೈಕ ಕಾರಣವಲ್ಲ. ಸೌದೆ ಒಲೆಯ ಮುಂದೆ ಬಾಳು ಸವೆಸಿದ ತಾಯಂದಿರಿಗೆ, ಧೂಳಿನಲ್ಲಿ ದುಡಿದವರಿಗೆ, ಜೀವಮಾನದಲ್ಲಿ ಒಂದು ಬೀಡಿ ಸೇದದಿದ್ದರೂ ಅದು ಬರುತ್ತದೆ. ಆಸ್ತಮಾ ಇರಬಹುದು. ಹಳೆಯ ಸೋಂಕಿನಿಂದ ಶ್ವಾಸನಾಳಗಳು ಹಿಗ್ಗಿ ಕಫದ ಮಡುಗಳಾಗಿರುವ ಬ್ರಾಂಕಿಯೆಕ್ಟೇಸಿಸ್ ಇರಬಹುದು. ಕ್ಷಯ ಇರಬಹುದು. ವಿರಳವಾಗಿ, ಎಲ್ಲರೂ ಮನಸ್ಸಿನಲ್ಲಿಟ್ಟುಕೊಂಡು ಬಾಯಲ್ಲಿ ಹೇಳದ ಕ್ಯಾನ್ಸರ್ ಇರಬಹುದು. ಇವುಗಳಲ್ಲಿ ಕೆಲವು ವಾಸಿಯಾಗುತ್ತವೆ, ಕೆಲವನ್ನು ಹತೋಟಿಯಲ್ಲಿಡಬಹುದು. ಸಾಮಾನ್ಯ ಕ್ಷಯವಂತೂ ತಪ್ಪದೆ ಆರು ತಿಂಗಳು ಔಷಧ ತೆಗೆದುಕೊಂಡರೆ ಬಹುತೇಕ ವಾಸಿಯಾಗುವ ರೋಗ. ಪರೀಕ್ಷೆಯೂ ಔಷಧವೂ ಸರಕಾರದ ಆಸ್ಪತ್ರೆಗಳಲ್ಲಿ ಉಚಿತ.

ಈಗ ತಿಳಿಯದಿರುವ ಸ್ವಾತಂತ್ರ್ಯದ ಮಾತಿಗೆ ಮರಳಬಹುದು. ಮೇಲೆ ಹೇಳಿದ ರೋಗಗಳಲ್ಲಿ ಹೆಚ್ಚಿನವು ರೋಗಿಯೊಬ್ಬನವೇ. ಕಿರಿದಾದ ಶ್ವಾಸನಾಳ ಮತ್ತೊಬ್ಬನ ಎದೆಗೆ ಹಾರುವುದಿಲ್ಲ. ಅವುಗಳ ವಿಷಯದಲ್ಲಿ ಮುದುಕನೊಬ್ಬನು "ನನಗೆ ತಿಳಿಯುವುದು ಬೇಡ, ಉಳಿದ ದಿನಗಳನ್ನು ನೆಮ್ಮದಿಯಿಂದ ಕಳೆಯುತ್ತೇನೆ" ಎಂದರೆ, ಅವನನ್ನು ನೆಚ್ಚಿಕೊಂಡವರಿಗೆ ಅದು ದುಃಖದ ಮಾತಾದರೂ, ಅನ್ಯಾಯದ ಮಾತೆಂದು ಖಂಡಿತವಾಗಿ ಹೇಳಲಾಗದು. ಕ್ಷಯದ ಮಾತು ಬೇರೆ. ಅದು ಮುಟ್ಟಿದರೆ ಬರುವುದಲ್ಲ, ತಟ್ಟೆ ಲೋಟದಿಂದ ಬರುವುದಲ್ಲ. ಕೆಮ್ಮಿದಾಗ, ಮಾತನಾಡಿದಾಗ ಹೊರಬಿದ್ದು ಗಾಳಿಯಲ್ಲಿ ತೇಲುವ ಕಣಗಳಿಂದ ಬರುತ್ತದೆ. ಮುಚ್ಚಿದ ಕೋಣೆಯಲ್ಲಿ ಒಟ್ಟಿಗೆ ಮಲಗಿದವರ ಉಸಿರು ಒಂದೇ. ಅಲ್ಲಿ "ನನ್ನ ದೇಹ, ನನ್ನ ಇಷ್ಟ" ಎಂಬ ವಾದ ಕುಸಿದುಬೀಳುತ್ತದೆ.

ತೊಡಕಿರುವುದು ಇಲ್ಲಿ: ಕೆಮ್ಮಿನ ದನಿಯಿಂದ ಒಂದನ್ನು ಮತ್ತೊಂದರಿಂದ ಬೇರ್ಪಡಿಸಲಾಗದು. ತನ್ನ ಕೆಮ್ಮು ತನ್ನೊಬ್ಬನದೇ ಎಂದು ಹೇಳಬೇಕಾದರೂ ಪರೀಕ್ಷೆ ಆಗಿರಬೇಕು. ಅಂದರೆ, ತಿಳಿಯದಿರುವ ಹಕ್ಕನ್ನು ಕೇಳುವುದಕ್ಕೂ ಮೊದಲು ಒಂದಿಷ್ಟನ್ನು ತಿಳಿಯಲೇಬೇಕಾಗುತ್ತದೆ. ಎರಡು ವಾರ ಮೀರಿದ ಕೆಮ್ಮಿಗೆ ಕಫದ ಪರೀಕ್ಷೆ ಆಗಲಿ ಎಂದು ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮ ಹೇಳುವುದರ ಹಿಂದೆ ವೈದ್ಯವಿಧಿಯೊಂದೇ ಅಲ್ಲ, ಈ ನ್ಯಾಯವೂ ಇದೆ. ಕಫವನ್ನಷ್ಟೇ ಕೊಟ್ಟು, ಅದು ನಿರ್ದೋಷವೆಂದು ತಿಳಿದ ಮೇಲೆ ಉಳಿದ ಪರೀಕ್ಷೆಗಳನ್ನು ನಿರಾಕರಿಸಿದರೆ? ಹಾಗೆ ನಿರಾಕರಿಸುವವನ ಮೇಲೆ ಧರ್ಮಶಾಸ್ತ್ರವನ್ನು ಎತ್ತಿಕೊಂಡು ಹೋಗುವ ಅಗತ್ಯವಿಲ್ಲ. ಅವನಿಗೆ ಒಂದು ಒಳ್ಳೆಯ ಮಾತು ಸಾಕು.

ನೀರನ್ನು ಸೋಸುವ ಬಟ್ಟೆಯನ್ನು ಇಲ್ಲಿ ನೆನೆಯಬೇಕು. ಕಣ್ಣಿಗೆ ಕಾಣದ ಜೀವಕ್ಕೆ ತನ್ನಿಂದ ನೋವಾಗದಿರಲಿ ಎಂದು ದಿನವೂ ಬಟ್ಟೆ ಹಿಡಿಯುವ ಗೃಹಸ್ಥನು, ಕಣ್ಣಿಗೆ ಕಾಣದ ಜೀವಿಯೊಂದು ತನ್ನ ಉಸಿರಿನಿಂದ ಮೊಮ್ಮಗುವಿನ ಉಸಿರಿಗೆ ದಾಟುತ್ತಿರಬಹುದೇ ಎಂದು ಕೇಳಿಕೊಳ್ಳುವುದಿಲ್ಲ. ಹಿಂಸೆಯ ಬೇರು ಪ್ರಮಾದದಲ್ಲಿದೆ ಎಂದು ಆಚಾರ್ಯರು ಹೇಳಿದ್ದು ಕೈಯಲ್ಲಿ ಕತ್ತಿ ಹಿಡಿದವನನ್ನು ಮಾತ್ರ ಉದ್ದೇಶಿಸಿ ಅಲ್ಲ. ಎಚ್ಚರವಿರಬೇಕಾದಲ್ಲಿ ಇಲ್ಲದಿರುವುದೇ ಪ್ರಮಾದ. ಔಷಧದಿಂದ ಸೂಕ್ಷ್ಮಾಣುಗಳು ಸಾಯುತ್ತವಲ್ಲ, ಅದು ಹಿಂಸೆಯಲ್ಲವೇ ಎಂದು ಜಾಣತನದಿಂದ ಕೇಳುವವರೂ ಉಂಟು. ಆತ್ಮರಕ್ಷಣೆಯ ಹಿಂಸೆಯನ್ನು ಸಂಕಲ್ಪಹಿಂಸೆಯಿಂದ ಬೇರೆಯಾಗಿಟ್ಟು ಗೃಹಸ್ಥನ ವ್ರತವನ್ನು ರೂಪಿಸಿದವರು ಈ ಪ್ರಶ್ನೆಗೆ ಎಂದೋ ಉತ್ತರ ಕೊಟ್ಟಿದ್ದಾರೆ. ಅದನ್ನು ಆಸ್ಪತ್ರೆಗೆ ಹೋಗದಿರುವ ನೆಪ ಮಾಡಿಕೊಳ್ಳುವುದು ಬೇಡ.

ಇನ್ನು ಕರ್ಮಫಲದ ಮಾತು. ಇಪ್ಪತ್ತೆರಡು ಪರೀಷಹಗಳಲ್ಲಿ ರೋಗವೂ ಒಂದು. ಅದನ್ನು ಸಮತೆಯಿಂದ ಸಹಿಸುವುದು ದೊಡ್ಡ ಸಾಧನೆ. ಆದರೆ ಸಹಿಸುವುದಕ್ಕೆ ಮುಂದೆ ಏನಾದರೂ ಇರಬೇಕಷ್ಟೆ. ಕಂಡ ರೋಗವನ್ನು ಕಣ್ಣೆತ್ತಿ ನೋಡಿ ಅಲುಗದೆ ನಿಲ್ಲುವುದು ಒಂದು; ನೋಡಿದರೆ ಅಲುಗಿಬಿಡುತ್ತೇನೆಂದು ಬೆನ್ನು ತಿರುಗಿಸಿ ನಿಲ್ಲುವುದು ಇನ್ನೊಂದು. ಹೊರನೋಟಕ್ಕೆ ಎರಡೂ ನಿಶ್ಚಲವೇ. ಏಳು ಬಗೆಯ ಭಯಗಳನ್ನು ಎಣಿಸಿದ ಪೂರ್ವಿಕರು ವೇದನೆಯ ಭಯವನ್ನೂ ಮರಣದ ಭಯವನ್ನೂ ಅದರಲ್ಲಿ ಸೇರಿಸಿದರು. ನೋವನ್ನೇ ಕುರಿತ ಎಡೆಬಿಡದ ಚಿಂತೆಯನ್ನು ಆರ್ತಧ್ಯಾನದ ನಾಲ್ಕು ಬಗೆಗಳಲ್ಲಿ ಒಂದೆಂದರು. ರಾತ್ರಿ ಎರಡು ಗಂಟೆಗೆ ಕರವಸ್ತ್ರವನ್ನು ಬೆಳಕಿಗೆ ಹಿಡಿಯುವುದು ಆರ್ತಧ್ಯಾನವಲ್ಲದೆ ಮತ್ತೇನು? ಪರೀಕ್ಷೆಯನ್ನು ತಪ್ಪಿಸಿಕೊಂಡವನು ಚಿಂತೆಯಿಂದ ತಪ್ಪಿಸಿಕೊಂಡಿಲ್ಲ. ಒಂದು ರೋಗಕ್ಕೆ ಬದಲಾಗಿ ನಾಲ್ಕನ್ನು ಮನಸ್ಸಿನಲ್ಲಿ ಅನುಭವಿಸುತ್ತಿದ್ದಾನೆ. ಇದಕ್ಕೆ ವಿರುದ್ಧವಾದ ದೋಷವೂ ಇದೆ: ಒಂದು ವರದಿ ಶುದ್ಧವೆಂದು ಬಂದರೂ ನಂಬದೆ, ವೈದ್ಯನಿಂದ ವೈದ್ಯನಿಗೆ ಅಲೆದು, ಪ್ರತಿ ನೆಗಡಿಗೂ ಎಕ್ಸ್-ರೇ ಬಯಸುವವರು. ನೋಡಲೊಲ್ಲದವನೂ ನೋಡಿ ತಣಿಯದವನೂ ಒಂದೇ ಭಯದ ಮಕ್ಕಳು. ಆದರೆ ನಮ್ಮ ಊರುಗಳಲ್ಲಿ ಮೊದಲನೆಯವನಿಗೆ ಸಿಗುವ ಗೌರವ ಎರಡನೆಯವನಿಗೆ ಸಿಗುವುದಿಲ್ಲ.

ಸಮಂತಭದ್ರಾಚಾರ್ಯರ ಕಥೆಯನ್ನು ಕರ್ನಾಟಕದ ಶ್ರಾವಕರು ಬಲ್ಲರು. ಅವರಿಗೆ ಭಸ್ಮಕವೆಂಬ ವ್ಯಾಧಿ ತಗುಲಿತು. ಉಂಡದ್ದೆಲ್ಲ ಬೂದಿಯಾಗಿ ಹಸಿವು ಹಿಂಗದಾಯಿತು. ಮುನಿಚರ್ಯೆಯಲ್ಲಿ ಅದಕ್ಕೆ ಉಪಶಮನವಿಲ್ಲವೆಂದು ಕಂಡು ಗುರುವಿನಲ್ಲಿ ಸಲ್ಲೇಖನಕ್ಕೆ ಅನುಮತಿ ಬೇಡಿದರು. ಗುರು ಒಪ್ಪಲಿಲ್ಲ. ಮುನಿವೇಷವನ್ನು ಬಿಟ್ಟಾದರೂ ಸರಿ, ಮೊದಲು ರೋಗವನ್ನು ವಾಸಿಮಾಡಿಕೊ ಎಂದರು. ಶಿಷ್ಯನು ಹಾಗೆಯೇ ಮಾಡಿ, ಗುಣವಾದ ಮೇಲೆ ಮತ್ತೆ ದೀಕ್ಷೆ ಪಡೆದನೆಂದು ಕಥೆ. ದೇಹದ ಮೋಹವನ್ನು ಗೆದ್ದವನೊಬ್ಬನಿಗೆ ಗುರು ಆಡಿದ ಮಾತು ಇದು ಎಂಬುದನ್ನು ಗಮನಿಸಬೇಕು. ಅದೇ ಸಮಂತಭದ್ರರ ಶ್ರಾವಕಾಚಾರದಲ್ಲಿ ಸಲ್ಲೇಖನಕ್ಕೆ ಸಂದರ್ಭವಾಗುವ ರೋಗಕ್ಕೆ ಒಂದು ವಿಶೇಷಣವಿದೆ: ಪ್ರತೀಕಾರವಿಲ್ಲದ ರೋಗ. ಪ್ರತೀಕಾರ ಇದೆಯೋ ಇಲ್ಲವೋ ಎಂದು ವಿಚಾರಿಸದೆ ಆ ವಿಶೇಷಣವನ್ನು ಯಾವ ರೋಗಕ್ಕೂ ಹಚ್ಚಲು ಬರುವುದಿಲ್ಲ. ಚೆಕಾವ್‌ನ ಕಾಲದ ಕ್ಷಯಕ್ಕೆ ಅದು ಸಲ್ಲುತ್ತಿತ್ತು. ಇಂದಿನದಕ್ಕೆ ಸಲ್ಲದು.

ಹೀಗೆಂದ ಮಾತ್ರಕ್ಕೆ ದೋಷವೆಲ್ಲ ಗೃಹಸ್ಥನದೇ ಎಂದು ತೀರ್ಮಾನಿಸುವುದು ನ್ಯಾಯವಲ್ಲ. ಅವನು ಹೆದರುವುದು ಸಾವಿಗೊಂದಕ್ಕೇ ಅಲ್ಲ. ಮನೆಯಲ್ಲಿ ಮದುವೆಗೆ ನಿಂತ ಮಗಳಿದ್ದಾಳೆ. ಕ್ಷಯದ ಮನೆ ಎಂಬ ಹೆಸರು ಬಂದರೆ ಬರುವ ನೆಂಟಸ್ತಿಕೆ ಅಂಗಳದಿಂದಲೇ ಹಿಂದಿರುಗೀತು. ಇನ್ನೊಂದು, ಬಹುಶಃ ಇದಕ್ಕಿಂತ ಆಳವಾದದ್ದು: ವ್ರತನಿಷ್ಠನಿಗೆ ಎದೆಯ ರೋಗ ಆರೋಪದಂತೆ ಕಾಣುತ್ತದೆ. ಬೀಡಿ ಸೇದುವವನಿಗೆ ಬಂದರೆ ಜನ ಕಾರಣ ಹೇಳುತ್ತಾರೆ. ಸೇದದವನಿಗೆ ಬಂದರೆ ಕಾರಣ ಹುಡುಕುತ್ತಾರೆ. ನಲವತ್ತು ವರ್ಷ ತೌಡಿನ ಧೂಳು ಕುಡಿದ ಎದೆ ಅದು ಎಂದು ಯಾರಿಗೂ ಹೊಳೆಯುವುದಿಲ್ಲ, ಅವನಿಗೂ ಹೊಳೆಯುವುದಿಲ್ಲ. ನಿಯಮದಿಂದ ಬಾಳಿದವನಿಗೆ ಆ ನಿಯಮವೇ ಬಾಯಿ ಕಟ್ಟುವುದು ನಮ್ಮ ಸಮಾಜದ ಒಂದು ಕ್ರೌರ್ಯ. ಅದನ್ನು ಮಾಡುವವರು ಕ್ರೂರಿಗಳೆಂದು ತಮ್ಮನ್ನು ತಿಳಿದಿರುವುದಿಲ್ಲ.

ಜೊತೆಗೆ, ಹೋದವನ ಮಾತನ್ನು ಕೇಳುವ ಕಿವಿಯೂ ಇರಬೇಕು. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಬ್ಯಾನರ್ಜಿ ಮತ್ತು ಆ್ಯಂಡರ್ಸನ್ ಎಂಬಿಬ್ಬರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನವೊಂದು 1963ರಲ್ಲಿ ಪ್ರಕಟವಾಯಿತು. ಹಳ್ಳಿಯ ರೋಗಿಗೆ ರೋಗದ ಅರಿವಿಲ್ಲ, ಅವನನ್ನು ಹುಡುಕಿಕೊಂಡೇ ಹೋಗಬೇಕು ಎಂಬುದು ಅಲ್ಲಿಯವರೆಗಿನ ನಂಬಿಕೆ. ಆದರೆ ಕ್ಷಯವಿದ್ದವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ತಮಗೇನೋ ಆಗಿದೆಯೆಂದು ಗೊತ್ತಿತ್ತು. ಬಹುಮಂದಿ ಚಿಂತೆಗೆ ಒಳಗಾಗಿದ್ದರು. ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆಯ ಬಾಗಿಲಿಗೆ ಹೋಗಿ ಬಂದಿದ್ದರು. ಅಲ್ಲಿ ಅವರಲ್ಲಿ ಹಲವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಒಂದು ಬಾಟಲಿ. ಅವರು ಅರಿಯುವ ಹೊಣೆಯನ್ನು ಹೊತ್ತು ನಡೆದುಬಂದಿದ್ದರು. ಅದನ್ನು ಇಳಿಸಿಕೊಳ್ಳಬೇಕಾದವರು ಕಾರ್ಯಮಗ್ನರಾಗಿದ್ದರು. ಅಂದಿನಿಂದ ವ್ಯವಸ್ಥೆ ಎಷ್ಟೋ ಸುಧಾರಿಸಿದೆ. ಆದರೂ ಕೆಮ್ಮೆಂದು ಬಂದವನಿಗೆ ಎದೆಯನ್ನೂ ಕೇಳದೆ ಸಿರಪ್ಪು ಬರೆದುಕೊಡುವ ಕೈ ಪೂರ್ತಿ ಮಾಯವಾಗಿದೆಯೆಂದು ಹೇಳಲಾಗದು. ರೋಗಿಗೆ ನೀತಿ ಹೇಳುವವರು ತುಮಕೂರಿನ ಆ ಹಳ್ಳಿಗರನ್ನು ಒಮ್ಮೆ ನೆನೆಯುವುದು ಲೇಸು.

ಎದೆಯ ದನಿಯನ್ನು ಕೇಳುವ ಸ್ಟೆತಾಸ್ಕೋಪನ್ನು 1816ರಲ್ಲಿ ಕಂಡುಹಿಡಿದವನು ಪ್ಯಾರಿಸ್ಸಿನ ವೈದ್ಯ ಲೆನೆಕ್. ಅವನ ತಾಯಿ ಅವನ ಎಳವೆಯಲ್ಲೇ ಕ್ಷಯದಿಂದ ತೀರಿಕೊಂಡಿದ್ದಳು. ಹತ್ತು ವರ್ಷ ಅವನು ಅಸಂಖ್ಯ ರೋಗಿಗಳ ಎದೆಗೆ ಮರದ ಆ ಕೊಳವೆಯನ್ನಿಟ್ಟು, ಯಾವ ದನಿ ಯಾವ ರೋಗದ್ದೆಂದು ಗುರುತಿಸಿ ಗ್ರಂಥವಾಗಿ ಬರೆದ. ಅವನೂ ಬಹುಕಾಲದಿಂದ ಕೆಮ್ಮುತ್ತಿದ್ದ. 1826ರಲ್ಲಿ, ಶಕ್ತಿ ಪೂರ್ತಿ ಉಡುಗಿದ ಮೇಲೆ, ತನ್ನ ಬಂಧುವೂ ವೈದ್ಯನೂ ಆದ ಮೆರಿಯಾಡೆಕ್‌ನನ್ನು ಕರೆದು ತನ್ನ ಎದೆಯನ್ನು ಕೇಳಿ, ಕೇಳಿದ್ದನ್ನು ಹೇಳು ಎಂದ. ಕಿರಿಯನು ಹೇಳಿದ ದನಿಗಳು ಯಾವುವೆಂದು ಆ ಹಿರಿಯನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ನಲವತ್ತೈದರ ವಯಸ್ಸಿನಲ್ಲಿ ಅವನು ತೀರಿಕೊಂಡ. ಲೋಕಕ್ಕೆಲ್ಲ ಎದೆಯನ್ನು ಕೇಳಲು ಕಲಿಸಿದವನೂ ತನ್ನದನ್ನು ಅರಿಯಲು ಇನ್ನೊಬ್ಬನ ಕಿವಿಯನ್ನು ಬೇಡಿದ.

ಅಕ್ಕಿ ಗಿರಣಿಯ ಗೃಹಸ್ಥನು ಕೊನೆಗೂ ಆಸ್ಪತ್ರೆಗೆ ಹೋದದ್ದು ತತ್ತ್ವವಿಚಾರದಿಂದ ಅಲ್ಲವೆಂದೇ ಇಟ್ಟುಕೊಳ್ಳಬಹುದು. ಒಂದು ರಾತ್ರಿ ಸೊಸೆ ಮಗುವನ್ನು ಎಂದಿನಂತೆ ಅವನ ಪಕ್ಕದಲ್ಲಿ ಮಲಗಿಸಲು ಬಂದಳು. ಬಾಗಿಲಲ್ಲಿ ಒಂದು ಕ್ಷಣ ನಿಂತಳು. ಏನೂ ಹೇಳದೆ ಮಲಗಿಸಿ ಹೋದಳು. ಆ ಒಂದು ಕ್ಷಣದ ತಡವರಿಕೆಯನ್ನು ಅವನು ಕಂಡ. ಮರುದಿನ ಬೆಳಿಗ್ಗೆ ಮಗನಿಗಿಂತ ಮೊದಲು ಅಂಗಿ ತೊಟ್ಟು ನಿಂತಿದ್ದ. ತಾಲೂಕು ಆಸ್ಪತ್ರೆಯಲ್ಲಿ ಚಿಕ್ಕ ಡಬ್ಬಿಯೊಂದನ್ನು ಕೊಟ್ಟು, ಆಳವಾಗಿ ಕೆಮ್ಮಿ ಕಫ ತರಲು ಹೇಳಿದರು. ಎದೆಯ ಚಿತ್ರ ತೆಗೆದರು. ಯಾವ ಕೆಲಸದಲ್ಲಿದ್ದಿರಿ ಎಂದು ಕೇಳಿದ ತರುಣ ವೈದ್ಯೆ, ಗಿರಣಿ ಎಂದೊಡನೆ ತಲೆಯೆತ್ತಿ ನೋಡಿ, ಊದುವ ಪರೀಕ್ಷೆಗೆ ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆದಳು. ಕಫದ ವರದಿ ನಾಳೆ ಎಂದರು.

ಆ ರಾತ್ರಿ ಅವನು ಜಗಲಿಯಲ್ಲಿ ಹಾಸಿಗೆ ಹಾಸಿಕೊಂಡ. ಅಜ್ಜ ಏಕೆ ಹೊರಗೆ ಎಂದು ಮಗು ಕೇಳಿತು. ಒಳಗೆ ಸೆಕೆ ಎನ್ನಲು ಬಾಯಿ ತೆರೆದವನು ಹಾಗೆ ಹೇಳಲಿಲ್ಲ. ಕೆಮ್ಮು ಯಾವುದೆಂದು ನಾಳೆ ತಿಳಿಯುತ್ತದೆ, ಅಲ್ಲಿಯವರೆಗೆ ಎಂದ. ಮಗುವಿಗೆ ಅಷ್ಟು ಸಾಕಾಯಿತು. ಹೊಸಿಲಿನ ಒಳಗೇ ಕುಳಿತು, ನಿನ್ನೆ ಅರ್ಧಕ್ಕೆ ನಿಂತ ಕಥೆಯನ್ನು ಅಲ್ಲಿಂದಲೇ ಹೇಳು ಎಂದಿತು.